ಪೆಟ್ರೋಲಿಯಂ ಇಂಜಿನಿಯರಿಂಗ್: ಹೆಣ್ಣುಮಕ್ಕಳಿಗೂ ತೆರೆದ ಬಾಗಿಲು

ಕರಾವಳಿಯ ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ. ಆ ರಾಷ್ಟ್ರಗಳ ಸಂಪತ್ತಿನ ಮೂಲ ಪೆಟ್ರೋಲಿಯಂ. ಆದರೆ ಬಿ.ಇ. ಮುಗಿಸಿದ ಮಗಳು ಇದೇ ವಿಷಯದಲ್ಲಿ ಎಂ.ಟೆಕ್. ಮಾಡುತ್ತೇನೆಂದರೆ, "ಅದು ಗಂಡಸರ ಕೆಲಸವಲ್ಲವೇ?" ಎಂಬ ಪ್ರಶ್ನೆ ಮೊದಲು ಎದುರಾಗುತ್ತದೆ.

ಏನನ್ನು ಕಲಿಯುತ್ತಾರೆ?

ತೈಲವು ಭೂಮಿಯೊಳಗೆ ಕೆರೆಯಂತೆ ನಿಂತಿರುವುದಿಲ್ಲ. ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿರುತ್ತದೆ. ಸಹಜ ಒತ್ತಡದಿಂದ ಹೊರಬರುವುದು ಅದರ ಸ್ವಲ್ಪ ಭಾಗ ಮಾತ್ರ. ಉಳಿದದ್ದನ್ನು ನೀರು, ಅನಿಲ ಅಥವಾ ಶಾಖ ನೀಡಿ ಹೊರತರಬೇಕು. ಬಾವಿ ಕೊರೆಯುವುದು, ಬಂಡೆಯ ಗುಣ ಅಳೆಯುವುದು, ತೈಲದ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಇಲ್ಲಿನ ಮುಖ್ಯ ಪಾಠಗಳು. ಮಂಗಳೂರಿನ ಎಂ.ಆರ್.ಪಿ.ಎಲ್.ನಂತಹ ಸಂಸ್ಕರಣಾಗಾರಗಳಲ್ಲಿ ನಡೆಯುವುದು ಇದರ ಮುಂದಿನ ಹಂತ. ಅಲ್ಲಿ ಕೆಮಿಕಲ್ ಇಂಜಿನಿಯರುಗಳ ಪಾತ್ರ ದೊಡ್ಡದು. ಈ ವ್ಯತ್ಯಾಸವನ್ನು ತಿಳಿದುಕೊಂಡೇ ಕೋರ್ಸು ಆರಿಸಿಕೊಳ್ಳಬೇಕು.

ಎಲ್ಲಿ, ಹೇಗೆ?

1926ರಲ್ಲಿ ಸ್ಥಾಪನೆಯಾಗಿ 2016ರಲ್ಲಿ ಐ.ಐ.ಟಿ.ಯಾದ ಧನಬಾದಿನ ಸಂಸ್ಥೆ ಈ ಕ್ಷೇತ್ರದಲ್ಲಿ ಹಳೆಯ ಹೆಸರು. ಐ.ಐ.ಟಿ. ಮದ್ರಾಸಿನಲ್ಲೂ ಎಂ.ಟೆಕ್. ಇದೆ. ಉತ್ತರ ಪ್ರದೇಶದ ಜಾಯಸ್‌ನಲ್ಲಿ ಪೆಟ್ರೋಲಿಯಂ ಶಿಕ್ಷಣಕ್ಕೆಂದೇ ಕೇಂದ್ರ ಸರಕಾರ ಸ್ಥಾಪಿಸಿದ ರಾಜೀವ್ ಗಾಂಧಿ ಸಂಸ್ಥೆಯಿದೆ. ಐ.ಐ.ಟಿ.ಗಳ ಪ್ರವೇಶಕ್ಕೆ ಮುಖ್ಯ ದಾರಿ ಗೇಟ್ ಪರೀಕ್ಷೆ. ಅದರ ಅಂಕಗಳಿಗೆ ಮೂರು ವರ್ಷ ಮಾನ್ಯತೆ ಇರುತ್ತದೆ. ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕವೂ ಕಡಿಮೆ. ಕೆಮಿಕಲ್, ಮೆಕ್ಯಾನಿಕಲ್ ಪದವೀಧರರಿಗೆ ಅವಕಾಶವುಂಟೇ ಎಂಬುದನ್ನು ಆಯಾ ಸಂಸ್ಥೆಯ ನಿಯಮ ನೋಡಿ ಖಚಿತಪಡಿಸಿಕೊಳ್ಳಬೇಕು. ಗೇಟ್ ಮೂಲಕ ಸೇರಿದ ಅರ್ಹರಿಗೆ ಮಾಸಿಕ ವಿದ್ಯಾರ್ಥಿವೇತನ ದೊರೆಯುವುದರಿಂದ ತಂದೆಯ ಹೊರೆಯೂ ಹಗುರವಾಗುತ್ತದೆ.

ಆತಂಕಗಳಿಗೆ ಉತ್ತರ

ಸಮುದ್ರದ ನಡುವಿನ ರಿಗ್‌ನಲ್ಲಿ ಎರಡು ವಾರ ಕೆಲಸ, ಎರಡು ವಾರ ರಜೆ ಎಂಬ ಕ್ರಮವಿರುವುದು ನಿಜ. ಆದರೆ ಎಲ್ಲ ಹುದ್ದೆಗಳೂ ರಿಗ್‌ನಲ್ಲಿಲ್ಲ. ಹರಿವಿನ ಲೆಕ್ಕಾಚಾರ, ಪ್ರಯೋಗಾಲಯ, ಸಂಶೋಧನೆ, ಬೋಧನೆಗಳು ಕಚೇರಿ ಅಥವಾ ಕಾಲೇಜಿನಲ್ಲೇ ನಡೆಯುತ್ತವೆ. ಗಣಿಗಳ ನೆಲದ ಮೇಲಿನ ರಾತ್ರಿ ಪಾಳಿಗೆ 1952ರ ಕಾಯ್ದೆ ಮಹಿಳೆಯರನ್ನು ಬಿಡುತ್ತಿರಲಿಲ್ಲ. 2019ರಲ್ಲಿ ಕೇಂದ್ರ ಸರಕಾರ ಇದನ್ನು ಸಡಿಲಿಸಿತು. ಆಗ ಮಹಿಳೆಯ ಲಿಖಿತ ಒಪ್ಪಿಗೆ ಬೇಕು, ಪಾಳಿಯಲ್ಲಿ ಕನಿಷ್ಠ ಮೂವರು ಮಹಿಳೆಯರಿರಬೇಕು ಎಂಬ ಷರತ್ತು ಹಾಕಿತು. ಸೌದಿಯ ದಹ್ರಾನಿನ ಕಿಂಗ್ ಫಹದ್ ಪೆಟ್ರೋಲಿಯಂ ವಿಶ್ವವಿದ್ಯಾನಿಲಯವೂ 2021ರಲ್ಲಿ ಪದವಿ ತರಗತಿಗಳ ಬಾಗಿಲನ್ನು ಹೆಣ್ಣುಮಕ್ಕಳಿಗೆ ತೆರೆಯಿತು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ತೈಲದ ಬೆಲೆ ಕುಸಿದರೆ ಈ ರಂಗದ ನೌಕರಿಗಳೂ ಕುಸಿಯುತ್ತವೆ. 2014ರ ನಂತರವೂ 2020ರಲ್ಲೂ ಹಾಗೆಯೇ ಆಯಿತು. ಆದರೆ ಇಲ್ಲಿ ಕಲಿತ ವಿದ್ಯೆ ಭೂಶಾಖದಿಂದ ವಿದ್ಯುತ್ ಪಡೆಯಲು, ಇಂಗಾಲದ ಅನಿಲವನ್ನು ನೆಲದಡಿ ಸಂಗ್ರಹಿಸಲು ಕೂಡಾ ಬೇಕಾಗುತ್ತದೆ.

ವಿದ್ಯಾರ್ಜನೆ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರ ಹೊಣೆಯೆಂದು ನಂಬುವವರು ನಾವು. ಮಗಳ ಆಸೆಗೆ ಕೂಡಲೇ 'ಬೇಡ' ಎನ್ನುವ ಬದಲು ಹೆತ್ತವರು ಅವಳೊಂದಿಗೆ ಕುಳಿತು ಸಂಸ್ಥೆ, ಹಾಸ್ಟೆಲ್, ಖರ್ಚು, ಉದ್ಯೋಗ ಎಲ್ಲವನ್ನೂ ವಿಚಾರಿಸಲಿ. ವಿವಾಹದ ಮಾತುಕತೆಯ ವೇಳೆಯಲ್ಲೇ ಓದು ಮುಂದುವರಿಸುವ ವಿಷಯವನ್ನು ವರನ ಮನೆಯವರಿಗೆ ಸ್ಪಷ್ಟವಾಗಿ ತಿಳಿಸಲಿ. ಬಳಿಕ ಕೈಗೊಳ್ಳುವ ತೀರ್ಮಾನದಲ್ಲಿ ಮಗಳ ಮಾತಿಗೂ ತೂಕವಿರಲಿ.