ಐದಡಿ ಹಿತ್ತಲಲ್ಲಿ ಪರಂಗಿ

ಹೂಡಿಯ ನಮ್ಮ 30-40 ಸೈಟಿನಲ್ಲಿ ಮನೆ ಕಟ್ಟಿ ಉಳಿದದ್ದು ಐದಡಿ ಹಿತ್ತಲು. ಅದರಲ್ಲೂ ಅರ್ಧ ಜಲ್ಲಿ. ಮೊದಲ ಸಲ ನಾಟಿ ಹಣ್ಣಿನ ಬೀಜ ಹಾಕಿ ನಾಲ್ಕು ಪರಂಗಿ ಬೆಳೆಸಿದೆ. ಮೂರು ಗಂಡು! ಉದ್ದ ತೊಟ್ಟಿನಲ್ಲಿ ಜೋತಾಡುವ ಹೂಗೊಂಚಲು ನೋಡಿ ಅತ್ತೆ ನಕ್ಕರು: ‘ಇವು ಕಾಯಿ ಬಿಡಲ್ಲ ಕಣಮ್ಮ, ಕಡಿ.’

ಆಮೇಲೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ‘ಅರ್ಕಾ ಸೂರ್ಯ’ ತಂದೆ. ಇದರಲ್ಲಿ ಗಂಡು ಗಿಡದ ಕಾಟವಿಲ್ಲ. ಹೆಣ್ಣು, ಇಲ್ಲವೇ ದ್ವಿಲಿಂಗಿ. ಬುಡದಲ್ಲಿ ನೀರು ನಿಂತರೆ ಪರಂಗಿ ಕೊಳೆಯುತ್ತದೆ, ಹಾಗಾಗಿ ಮಣ್ಣು ಏರಿಸಿ ನೆಟ್ಟೆ.

ಪಕ್ಕದಲ್ಲೇ ದೊಡ್ಡಪತ್ರೆ. ಅದಕ್ಕೆ ಉಪಚಾರವೇ ಬೇಡ, ಮುರಿದ ಕಡ್ಡಿ ಚುಚ್ಚಿದರೂ ಬೇರು ಬಿಡುತ್ತದೆ. ಎಲೆ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಯಿತುರಿ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ. ಅಕ್ಕಪಕ್ಕದವರು ಗೇಟಿನ ಹತ್ತಿರ ಬಂದು ಕಡ್ಡಿ ಮುರಿದುಕೊಂಡು ಹೋಗುತ್ತಾರೆ, ಕೇಳುವುದೂ ಇಲ್ಲ.