ಹರಿತ ಉಳಿಯುವುದು ಪಟ್ಟಿಯ ಮೇಲೆ: ಕ್ಷೌರಕತ್ತಿಗೆ ಸ್ಟ್ರಾಪ್ ಆರಿಸುವ, ಕಾಪಾಡುವ ಬಗೆ

ಮಡಚುವ ಕ್ಷೌರಕತ್ತಿಯಲ್ಲಿ ತಾವೇ ಗಡ್ಡ ತೆಗೆಯಲು ಹೊರಟವರು ಕತ್ತಿಯ ಬಗ್ಗೆ ವಾರಗಟ್ಟಲೆ ವಿಚಾರಿಸುತ್ತಾರೆ. ಜರ್ಮನಿಯ ಜೋಲಿಂಗನ್ನಿನದೋ ಫ್ರಾನ್ಸಿನ ತಿಯೇರ್ ಊರಿನದೋ, ಹಿಡಿ ಕೊಂಬಿನದೋ ಮರದ್ದೋ ಎಂದೆಲ್ಲ ಯೋಚಿಸುತ್ತಾರೆ. ಕತ್ತಿ ಉಜ್ಜುವ ಪಟ್ಟಿ, ಅಂದರೆ ಸ್ಟ್ರಾಪ್, ಕೊನೆಗೆ ಕೈಗೆ ಸಿಕ್ಕಿದ್ದಾಗಿರುತ್ತದೆ. ಆದರೆ ಕತ್ತಿ ಸಾಣೆಕಲ್ಲಿಗೆ ಹೋಗುವುದು ಕೆಲವು ತಿಂಗಳಿಗೊಮ್ಮೆ, ಸ್ಟ್ರಾಪ್ ಮೇಲೆ ಓಡುವುದು ಪ್ರತಿ ಕ್ಷೌರಕ್ಕೂ ಮೊದಲು. ಹೊಸಬರ ಕತ್ತಿ ಬೇಗ ಮೊಂಡಾದರೆ ಬಹಳ ಸಲ ಅದಕ್ಕೆ ಕಾರಣ ಗಡ್ಡವಲ್ಲ, ತಪ್ಪಾಗಿ ಉಜ್ಜಿದ ಕೈ. ಆದ್ದರಿಂದ ಸ್ಟ್ರಾಪನ್ನು ಅರ್ಥ ಮಾಡಿಕೊಂಡೇ ಕೊಳ್ಳಬೇಕು.

ಸ್ಟ್ರಾಪ್ ಮಾಡುವ ಕೆಲಸ

ಚೆನ್ನಾಗಿ ಮಸೆದ ಕ್ಷೌರಕತ್ತಿಯ ಅಂಚು ಒಂದು ಮೈಕ್ರಾನ್‌ಗಿಂತಲೂ ತೆಳ್ಳಗಿರುತ್ತದೆ. ಅಷ್ಟು ತೆಳುವಾದ ಉಕ್ಕಿಗೆ ಕೂದಲೂ ಪೆಟ್ಟು ಕೊಡಬಲ್ಲದು. ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ತೋರಿಸಿದರು. ಕೂದಲು ಬ್ಲೇಡಿನ ಉಕ್ಕಿಗಿಂತ ಸುಮಾರು 50 ಪಟ್ಟು ಮೆದು. ಆದರೂ ಕತ್ತರಿಸುವಾಗ ಅದು ಬಾಗಿದರೆ, ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಕಡೆ ಅಂಚು ಚಕ್ಕೆಯೇಳುತ್ತದೆ. ಅವರು ಪರೀಕ್ಷಿಸಿದ್ದು ಬಳಸಿ ಎಸೆಯುವ ಬ್ಲೇಡುಗಳನ್ನು. ಕತ್ತಿ ಹಿಡಿಯುವವರಿಗೂ ಅದರಿಂದ ಕಲಿಯುವುದಿದೆ. ಗಡ್ಡವನ್ನು ಬಿಸಿನೀರಿನಲ್ಲಿ ಚೆನ್ನಾಗಿ ನೆನೆಸಬೇಕು. ಚಕ್ಕೆಯೆದ್ದ ಅಂಚನ್ನು ಸರಿಪಡಿಸುವುದು ಕಲ್ಲಿನ ಕೆಲಸ, ಚರ್ಮದಿಂದ ಅದು ಆಗದು.

ಚರ್ಮದ ಕೆಲಸ ಬೇರೆ. ಸೂಕ್ಷ್ಮವಾಗಿ ಬಾಗಿದ ಅಂಚನ್ನು ಅದು ನೇರ ಮಾಡುತ್ತದೆ, ಎರಡೂ ಮಗ್ಗುಲನ್ನು ನಯಗೊಳಿಸುತ್ತದೆ. ಅದಕ್ಕೂ ಮೊದಲು ಬಟ್ಟೆಯ ಪಟ್ಟಿ ಸೋಪಿನ ಶೇಷವನ್ನೂ ತುಕ್ಕಿನ ಮೊದಲ ಪೊರೆಯನ್ನೂ ಒರೆಸಿ ತೆಗೆಯುತ್ತದೆ. ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ಸೇಫ್ಟಿ ರೇಜರಿನ ಜಾಹೀರಾತುಗಳು ಸಾಣೆಯೂ ಬೇಡ, ಸ್ಟ್ರಾಪೂ ಬೇಡ ಎಂದೇ ಸಾರುತ್ತಿದ್ದವು. ಕತ್ತಿಗೆ ಮರಳುವವರು ಆ ಕೆಲಸವನ್ನು ಮತ್ತೆ ಮನಸಾರೆ ಒಪ್ಪಿಕೊಳ್ಳಬೇಕು.

ಯಾವುದನ್ನು ಕೊಳ್ಳಬೇಕು

ತೂಗುಹಾಕುವ ಸ್ಟ್ರಾಪ್ ಹೆಚ್ಚು ಬಳಕೆಯಲ್ಲಿದೆ. ಒಂದು ತುದಿಯಲ್ಲಿ ಕೊಕ್ಕೆ, ಇನ್ನೊಂದು ತುದಿಯಲ್ಲಿ ಹಿಡಿ, ನಡುವೆ ಚರ್ಮದ ಪಟ್ಟಿ. ಜೊತೆಗೆ ಕ್ಯಾನ್ವಾಸ್ ಅಥವಾ ಲಿನನ್ನಿನ ಇನ್ನೊಂದು ಪಟ್ಟಿ ಇದ್ದರೆ ಒಳ್ಳೆಯದು. ಕೊಕ್ಕೆ ಸಿಕ್ಕಿಸಲು ಗಟ್ಟಿ ಜಾಗವಿಲ್ಲದವರಿಗೆ ಮರದ ಹಲಗೆಗೆ ಚರ್ಮ ಅಂಟಿಸಿದ ಪ್ಯಾಡಲ್ ಸ್ಟ್ರಾಪ್ ಅನುಕೂಲ. ಅದು ಜೋಲುವುದಿಲ್ಲ, ಹಾಗಾಗಿ ಹೊಸ ಕೈ ಒಂದು ತಪ್ಪಿನಿಂದ ತಪ್ಪಿಸಿಕೊಳ್ಳುತ್ತದೆ. ಆದರೆ ಅದು ಸಾಮಾನ್ಯವಾಗಿ ಗಿಡ್ಡ.

ಸಾಮಾನ್ಯ ಕತ್ತಿಯ ಅಲಗು ಸುಮಾರು 3 ಇಂಚು ಉದ್ದವಿರುತ್ತದೆ. 3 ಇಂಚು ಅಗಲದ ಸ್ಟ್ರಾಪಿನ ಮೇಲೆ ಅದು ಪೂರ್ತಿ ಮಲಗುತ್ತದೆ, ನೇರ ಹೋಗಿ ನೇರ ಬಂದರೆ ಸಾಕು. 2 ಅಥವಾ 2.5 ಇಂಚಿನದಾದರೆ ಎಳೆಯುತ್ತಲೇ ಅಲಗನ್ನು ಹಿಡಿಯ ಕಡೆಯಿಂದ ತುದಿಯ ಕಡೆಗೆ ಓರೆಯಾಗಿ ಸರಿಸಬೇಕು. ಇದು ಕಲಿತ ಕೈಗೆ ಸುಲಭ, ಕಲಿಯುವ ಕೈಗೆ ಒಂದು ಹೆಚ್ಚುವರಿ ಚಿಂತೆ. ಸಾಧ್ಯವಾದರೆ 3 ಇಂಚಿನದನ್ನೇ ಕೊಳ್ಳಿ. ಉದ್ದ 18 ಇಂಚಿನಷ್ಟಾದರೂ ಇರಲಿ. ಪಟ್ಟಿ ಉದ್ದವಿದ್ದಷ್ಟೂ ಕತ್ತಿ ಹೊರಳಿಸುವ ಸರದಿ ಕಡಿಮೆ.

ಚರ್ಮದಲ್ಲಿ ನೋಡಬೇಕಾದ ಗುಣ ಹಿಡಿತ. ಕತ್ತಿ ಸಾಗುವಾಗ ಕೆಲವು ಚರ್ಮ ಅದನ್ನು ತುಸು ಹಿಡಿದೆಳೆಯುತ್ತವೆ, ಕೆಲವು ಸಲೀಸಾಗಿ ಬಿಡುತ್ತವೆ. ಎಣ್ಣೆ, ಮೇಣ ಉಂಡ ಲಾಟಿಗೋ ದನದ ಚರ್ಮದ ಹಿಡಿತ ಹೆಚ್ಚು. ಕುದುರೆಯ ಪಿರ್ರೆಯ ಭಾಗದಿಂದ ಬರುವ ಶೆಲ್ ಕಾರ್ಡೊವನ್ ಗಾಜಿನಷ್ಟು ನಯ, ಬೆಲೆಯೂ ಜಾಸ್ತಿ. ಹಿಡಿತ ಹೆಚ್ಚಿದ್ದರೆ ಹರಿತವೂ ಹೆಚ್ಚು ಎಂದೇನಿಲ್ಲ, ಅದು ಕೈಯ ಒಲವಿಗೆ ಬಿಟ್ಟದ್ದು. ಆರಂಭಕ್ಕೆ ಮರದ ತೊಗಟೆಯಿಂದ ಹದ ಮಾಡಿದ ದನದ ಅಥವಾ ಎಮ್ಮೆಯ ಚರ್ಮ, ಮಧ್ಯಮ ಹಿಡಿತದ್ದು, ಸಾಕು. ಚರ್ಮವೇ ಬೇಡವೆನ್ನುವವರಿಗೆ ಒತ್ತಾಗಿ ನೇಯ್ದ ಹತ್ತಿ ಕ್ಯಾನ್ವಾಸ್ ಮತ್ತು ಕೃತಕ ಚರ್ಮದ ಪಟ್ಟಿಗಳಿವೆ.

ಕೊಳ್ಳುವ ಮುನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮೇಲ್ಮೈ ಸಮನಾಗಿರಬೇಕು, ಉಬ್ಬು, ಮಡಿಕೆಯ ಗೆರೆ ಇರಬಾರದು. ಮೊದಲ ಸ್ಟ್ರಾಪಿಗೆ ದುಬಾರಿ ಚರ್ಮ ಬೇಡವೇ ಬೇಡ. ಮೊದಲ ತಿಂಗಳುಗಳಲ್ಲಿ ಎಲ್ಲೋ ಒಂದು ಕಡೆ ಕಚ್ಚು ಬಿದ್ದೇ ಬೀಳುತ್ತದೆ. ಅದು ಸಾಧಾರಣ ಪಟ್ಟಿಯ ಮೇಲೆ ಬೀಳಲಿ.

ಉಜ್ಜುವ ಕ್ರಮ

ಬೆನ್ನು ಮುಂದೆ, ಅಂಚು ಹಿಂದೆ. ಸ್ಟ್ರಾಪಿನ ಇಡೀ ವಿದ್ಯೆ ಇಷ್ಟರಲ್ಲಿದೆ. ಅಂಚು ಮುಂದಾಗಿ ಓಡಿದರೆ ಚರ್ಮ ಸೀಳುತ್ತದೆ, ಅಂಚೂ ಹಾಳಾಗುತ್ತದೆ.

ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಜೋಲುವ ಪಟ್ಟಿ ಅಂಚನ್ನು ಸುತ್ತಿಕೊಂಡು ದುಂಡಾಗಿಸುತ್ತದೆ. ಬೆನ್ನೂ ಅಂಚೂ ಎರಡೂ ಚರ್ಮಕ್ಕೆ ತಾಗುವಂತೆ ಅಲಗನ್ನು ಮಲಗಿಸಿ. ಒತ್ತುವುದು ಬೇಡ, ಕತ್ತಿಯ ತೂಕಕ್ಕಿಂತ ತುಸುವೇ ಹೆಚ್ಚು ಭಾರ ಸಾಕು.

ತುದಿ ಮುಟ್ಟಿದಾಗ ಮಾಡುವ ತಿರುವನ್ನು ನಿಧಾನವಾಗಿ ಕಲಿಯಬೇಕು. ಮೊದಲು ಕತ್ತಿ ನಿಲ್ಲಬೇಕು. ಬೆನ್ನು ಚರ್ಮದ ಮೇಲೆಯೇ ಇರಬೇಕು. ಅಲಗಿನ ಬುಡದ ಕುತ್ತಿಗೆಯನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹೊರಳಿಸಿದರೆ ಅಂಚು ಮೇಲೆದ್ದು ಆಚೆ ಮಗ್ಗುಲಿಗೆ ಮಲಗುತ್ತದೆ. ಮಣಿಕಟ್ಟು ತಿರುಗಬಾರದು, ತಿರುಗಿದರೆ ಅಂಚು ಓರೆಯಾಗಿ ಚರ್ಮಕ್ಕೆ ಇಳಿಯುತ್ತದೆ. ಕಚ್ಚುಗಳು ಬಹುಪಾಲು ಬೀಳುವುದು ಈ ತಿರುವಿನಲ್ಲೇ, ಅದೂ ಅವಸರದಲ್ಲಿ. ಸಿನಿಮಾದ ಕ್ಷೌರಿಕನ ವೇಗ ನಮಗೆ ಬೇಡ. ಮೊಂಡಾದ ಬೆಣ್ಣೆ ಚಾಕುವಿನಲ್ಲಿ ಕೆಲವು ದಿನ ಅಭ್ಯಾಸ ಮಾಡಿದರೆ ಬೆರಳಿಗೆ ಈ ಹೊರಳು ಒಗ್ಗುತ್ತದೆ.

ಹೋಗಿ ಬಂದರೆ ಒಂದು ಸುತ್ತು. ಕ್ಷೌರಕ್ಕೆ ಮೊದಲು ಬಟ್ಟೆಯ ಮೇಲೆ 20ರಿಂದ 30, ಚರ್ಮದ ಮೇಲೆ 50ರಿಂದ 60 ಸುತ್ತು ವಾಡಿಕೆ. ಕ್ಷೌರ ಮುಗಿದ ಮೇಲೆ ಕತ್ತಿ ತೊಳೆದು, ಒರೆಸಿ, ಬಟ್ಟೆಯ ಮೇಲೆ ಹತ್ತು ಸುತ್ತು ಹಾಕಿದರೆ ಉಳಿದ ತೇವವೂ ಹೋಗುತ್ತದೆ.

ಹಸಿರು ಬಣ್ಣದ ಕ್ರೋಮಿಯಂ ಆಕ್ಸೈಡ್ ಪೇಸ್ಟನ್ನು ದಿನದ ಸ್ಟ್ರಾಪಿಗೆ ಹಚ್ಚಬೇಡಿ. ಸುಮಾರು 0.5 ಮೈಕ್ರಾನ್ ಕಣಗಳ ಈ ಪೇಸ್ಟ್ ಉಕ್ಕನ್ನೇ ಸವೆಸುತ್ತದೆ. ಒಮ್ಮೆ ಚರ್ಮಕ್ಕೆ ಇಳಿದರೆ ಪೂರ್ತಿ ತೆಗೆಯುವುದು ಕಷ್ಟ. ಬೇಕಿದ್ದರೆ ಅದಕ್ಕೇ ಒಂದು ಪ್ರತ್ಯೇಕ ಹಲಗೆ ಇರಲಿ.

ಆರೈಕೆ

ಬಳಸುವ ಮುನ್ನ ಅಂಗೈಯನ್ನು ಚರ್ಮದ ಮೇಲೆ ಉದ್ದಕ್ಕೂ ನಾಲ್ಕಾರು ಸಲ ಸವರಿ. ದೂಳಿನ ಒಂದು ಕಣವೂ ಅಂಚಿಗೆ ಪೆಟ್ಟು. ಸವರುವ ಕೈಗೆ ಅದು ಸಿಗುತ್ತದೆ, ಅಂಗೈಯ ಬಿಸಿ ಮತ್ತು ಜಿಡ್ಡು ಚರ್ಮವನ್ನು ಮೆದುವಾಗಿಡುತ್ತವೆ. ಬಹುತೇಕ ಸ್ಟ್ರಾಪುಗಳಿಗೆ ಇಷ್ಟು ಆರೈಕೆಯೇ ಸಾಕು. ಬಯಲುಸೀಮೆಯ ಬೇಸಿಗೆಯಲ್ಲಿ ಚರ್ಮ ಒಣಗಿ ಬಿರುಸಾದರೆ ನೀಟ್ಸ್‌ಫುಟ್ ಎಣ್ಣೆಯ ಒಂದೆರಡು ಹನಿಯನ್ನು ಅಂಗೈಗೆ ಹಾಕಿಕೊಂಡು ತೆಳುವಾಗಿ ಹಚ್ಚಿ, ಒಂದು ದಿನ ಬಿಡಿ. ಎಣ್ಣೆ ಹೆಚ್ಚಾದರೆ ಚರ್ಮ ಜೋಲುತ್ತದೆ, ಅದಕ್ಕೆ ಪರಿಹಾರವಿಲ್ಲ.

ಕರಾವಳಿ, ಮಲೆನಾಡಿನಲ್ಲಿ ತೊಂದರೆ ಇದಕ್ಕೆ ವಿರುದ್ಧ. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಸ್ಟ್ರಾಪನ್ನು ಬಚ್ಚಲಿನಲ್ಲಿಡದೆ ಗಾಳಿಯಾಡುವ ಕೋಣೆಯ ಗೋಡೆಗೆ ತಾಗದಂತೆ ತೂಗುಹಾಕಿ. ಮಡಚಬೇಡಿ, ಮಡಿಕೆಯ ಗೆರೆ ಹೋಗುವುದಿಲ್ಲ. ಬೂಷ್ಟು ಕಂಡರೆ ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ಆರಿಸಿ. ಬಿಸಿಲಿಗೆ ಹಾಕಿದರೆ ಚರ್ಮ ಸೊಟ್ಟಗಾಗುತ್ತದೆ. ಕತ್ತಿಯನ್ನೂ ಸ್ಟ್ರಾಪನ್ನೂ ಇನ್ನೊಬ್ಬರೊಂದಿಗೆ ಹಂಚಿಕೊಳ್ಳಬೇಡಿ. ರಕ್ತ ತಾಗಿದ ಚರ್ಮವನ್ನು ಖಚಿತವಾಗಿ ಸೋಂಕುರಹಿತ ಮಾಡಲಾಗದು. ನಮ್ಮ ಊರುಗಳ ಸಲೂನುಗಳು ಬದಲಾಯಿಸುವ ಅರ್ಧ ಬ್ಲೇಡಿನ ಕತ್ತಿ ಹಿಡಿದಿರುವುದರ ಹಿಂದೆ ಈ ಎಚ್ಚರವಿದೆ.

ಪಟ್ಟಿಯ ಅಂಚಿನಲ್ಲಿ ಚಿಕ್ಕ ಕಚ್ಚು ಬಿದ್ದರೆ ಬಳಸಲು ಅಡ್ಡಿಯಿಲ್ಲ. ಮೇಲೆದ್ದ ಎಸಳನ್ನು ಹರಿತ ಬ್ಲೇಡಿನಿಂದ ಸವರಿ ತೆಗೆದು, 600 ನಂಬರಿನ ಮರಳುಕಾಗದದಿಂದ ಮೆಲ್ಲಗೆ ತೀಡಿ, ಪುಡಿ ಒರೆಸಿ. ಬೆರಳು ಓಡಿಸಿದಾಗ ಏನೂ ತಡೆಯದಿದ್ದರೆ ಕತ್ತಿಗೂ ತಡೆಯದು. ನಡುವೆ ಆಳವಾಗಿ ಸೀಳಿದ್ದರೆ ಮಾತ್ರ ಹೊಸದು ಬೇಕು.

ಕಲ್ಲಿಗೆ ಯಾವಾಗ?

ಎಂದಿನಂತೆ ಉಜ್ಜಿದರೂ ಕತ್ತಿ ಕೂದಲನ್ನು ಕೊಯ್ಯದೆ ಎಳೆಯತೊಡಗಿದರೆ ಮೊದಲು ಕೈಯನ್ನು ಪರೀಕ್ಷಿಸಿ. ಪಟ್ಟಿ ಬಿಗಿಯಿದೆಯೇ, ಒತ್ತುತ್ತಿದ್ದೀರಾ, ಬೆನ್ನು ಮೇಲೇಳುತ್ತಿದೆಯೇ? ಎಲ್ಲ ಸರಿಯಿದ್ದು ಎರಡು ಮೂರು ಕ್ಷೌರಗಳಲ್ಲೂ ಎಳೆತ ಹಾಗೇ ಉಳಿದರೆ ಅಂಚಿಗೆ ಸಾಣೆ ಬೇಕೆಂದರ್ಥ. ಆಗ ಇನ್ನೂ ನೂರು ಸುತ್ತು ಉಜ್ಜಿ ಪ್ರಯೋಜನವಿಲ್ಲ. ಕ್ಷೌರಕತ್ತಿ ಮಸೆಯಲು ಬಲ್ಲವರ ಕೈಗೆ ಕೊಡಿ. ಮಸೆದು ಬಂದ ದಿನದ ಕ್ಷೌರ ಹೇಗಿತ್ತೆಂದು ನೆನಪಿಟ್ಟುಕೊಳ್ಳಿ. ಮುಂದಿನ ತಿಂಗಳುಗಳಲ್ಲಿ ನಿಮ್ಮ ಸ್ಟ್ರಾಪ್ ಕಾಪಾಡಬೇಕಾದ ಮಟ್ಟ ಅದೇ.