ಒಂದು ಮುದ್ದೆಗೆ 21 ಕಿಲೋಮೀಟರ್

ಜನರಿಗಿಂತ ಸೈಕಲ್ಲುಗಳೇ ಹೆಚ್ಚಿರುವ ದೇಶ ನೆದರ್ಲೆಂಡ್ಸ್. ಆ ನಾಡಿನ ಯುರೋಪ್ ಭಾಗದ ಅತಿ ಎತ್ತರದ ಗುಡ್ಡ ವಾಲ್ಸರ್‌ಬರ್ಗ್. ಅದರ ನೆತ್ತಿ ಸಮುದ್ರಮಟ್ಟದಿಂದ 322 ಮೀಟರ್. ಬೀಚನಹಳ್ಳಿಯ ಕಬಿನಿ ಜಲಾಶಯ ಭರ್ತಿಯಾದಾಗ ನೀರಿನ ಮಟ್ಟ 2,284 ಅಡಿ, ಅಂದರೆ 696 ಮೀಟರ್. ಅಲ್ಲಿಂದ ಹೊರಟ ಬಲದಂಡೆ ನಾಲೆ ಅದಕ್ಕಿಂತ ತುಸು ಕೆಳಗೆ ನಂಜನಗೂಡು ಸೀಮೆಯ ಹೊಲಗಳನ್ನು ಬಳಸಿಕೊಂಡು ಪೂರ್ವಕ್ಕೆ ಸಾಗುತ್ತದೆ. ಅದರ ಏರಿಯ ಮೇಲೆ ಸೈಕಲ್ ತುಳಿಯುವ ಹುಡುಗ, ಒಂದು ದಿಬ್ಬವನ್ನೂ ಹತ್ತದೆ, ಆ ಸೈಕಲ್ ದೇಶದ ಶಿಖರಕ್ಕಿಂತ ಎರಡು ಪಟ್ಟು ಎತ್ತರದಲ್ಲಿದ್ದಾನೆ.

ವಾಹನಗಳ ಕಾಟವಿಲ್ಲದ ಜಲ್ಲಿದಾರಿ, ಅದೂ ಎತ್ತರದ ಕಣಿವೆಯಲ್ಲಿ ಎಂದರೆ ನಮ್ಮ ಪೇಟೆಯ ಸವಾರರಿಗೆ ಲಡಾಖ್ ನೆನಪಾಗುತ್ತದೆ, ದುಡ್ಡಿದ್ದವರಿಗೆ ಆಲ್ಪ್ಸ್. ಇದೇ ನಂಜನಗೂಡು ಸೀಮೆಯ ಕವಲಂದೆ ಯಾರಿಗೂ ನೆನಪಾಗುವುದಿಲ್ಲ. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವವರು ಬಸ್ಸಿನಲ್ಲೋ ರೈಲಿನಲ್ಲೋ ಹಾದುಹೋಗುವ ಊರು ಅದು. ಆದರೆ ಈ ಬಯಲಿನ ಸುತ್ತ ಏನಿದೆ ನೋಡಿ: ಉತ್ತರಕ್ಕೆ ಚಾಮುಂಡಿ, ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟಸಾಲು, ದಕ್ಷಿಣಕ್ಕೆ 1,454 ಮೀಟರಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಅದರಾಚೆ 2,637 ಮೀಟರಿನ ದೊಡ್ಡಬೆಟ್ಟ. ಗೋಪಾಲಸ್ವಾಮಿ ಬೆಟ್ಟವೊಂದೇ ಬ್ರಿಟನ್ನಿನ ಅತ್ಯುನ್ನತ ಶಿಖರ ಬೆನ್ ನೆವಿಸ್‌ಗಿಂತ (1,345 ಮೀಟರ್) 109 ಮೀಟರ್ ಎತ್ತರ. ಇದನ್ನು ಕಣಿವೆ ಎನ್ನಲು ನಮಗೆ ನಾಚಿಕೆ ಯಾಕೋ ತಿಳಿಯದು.

ಬೆಟ್ಟಗಳಿರಲಿ. ಇಲ್ಲಿ ನನ್ನನ್ನು ಬೆರಗಾಗಿಸುವುದು ಎತ್ತರವಲ್ಲ, ಮಟ್ಟಸ.

ನಾಲೆಯ ಏರಿ ರಸ್ತೆಗೆಂದು ಹುಟ್ಟಿದ್ದಲ್ಲ. ನೀರಗಂಟಿ ತೂಬಿನಿಂದ ತೂಬಿಗೆ ಹೋಗಲಿ, ಎಂಜಿನಿಯರ್ ಸಾಹೇಬರ ಜೀಪು ಓಡಾಡಲಿ, ಹೂಳೆತ್ತುವ ಯಂತ್ರ ಬರಲಿ ಎಂದು ಗರಸು ಹಾಕಿ ದಮ್ಮಸು ಮಾಡಿದ ದಾರಿ. ಅದರ ಏರಿಳಿತವನ್ನು ನಿರ್ಧರಿಸಿದ್ದು ನೀರು. ನೀರು ತಾನಾಗಿ ಹರಿಯಬೇಕು, ಆದರೆ ರಭಸಕ್ಕೆ ದಂಡೆ ಕೊಚ್ಚಬಾರದು. ಅದಕ್ಕಾಗಿ ದೊಡ್ಡ ನಾಲೆಗಳ ಇಳಿಜಾರನ್ನು ಸಾವಿರಾರು ಅಡಿಗೆ ಒಂದಡಿಯಂತೆ ಇಡುತ್ತಾರೆ. ಲೆಕ್ಕಕ್ಕೆ 5,000ಕ್ಕೆ 1 ಎಂದಿಟ್ಟುಕೊಳ್ಳೋಣ. ಒಂದು ಕಿಲೋಮೀಟರಿಗೆ ಇಳಿಯುವುದು 20 ಸೆಂಟಿಮೀಟರ್, ಒಂದು ಗೇಣು. ಸೈಕಲ್ ಚಕ್ರ ಒಂದು ಸುತ್ತು ಹೊರಳಿದರೆ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ಅಷ್ಟರಲ್ಲಿ ನೆಲ ತಗ್ಗುವುದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಒಂದು ರಾಗಿಕಾಳನ್ನು ಮೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು.

ಈಗ ಲೇಹ್‌ನಿಂದ ಖಾರ್ದುಂಗ್ ಲಾ ಕಣಿವೆಬಾಗಿಲಿಗೆ ಹತ್ತುವವನನ್ನು ನೆನೆಸಿಕೊಳ್ಳಿ. ಲೇಹ್ ಸುಮಾರು 3,500 ಮೀಟರಿನಲ್ಲಿದೆ, ಮೇಲಿನ ಬಾಗಿಲು 5,359 ಮೀಟರಿನಲ್ಲಿ. ನಡುವಿನ ರಸ್ತೆ ಹತ್ತಿರ ಹತ್ತಿರ 40 ಕಿಲೋಮೀಟರ್. ಅಲ್ಲಿ ಚಕ್ರದ ಒಂದೊಂದು ಸುತ್ತಿಗೂ ಸವಾರ 10 ಸೆಂಟಿಮೀಟರ್ ಮೇಲೇರಬೇಕು. ನಮ್ಮ ನಾಲೆ ಇಳಿಯುವುದಕ್ಕಿಂತ ಇನ್ನೂರು ಪಟ್ಟು ಕಡಿದು. ಅದೂ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುವ ಜಾಗದಲ್ಲಿ.

ಇದನ್ನೇ ಊಟದ ಲೆಕ್ಕದಲ್ಲಿ ನೋಡಬಹುದು. 100 ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆಯಲ್ಲಿ ಸುಮಾರು 330 ಕ್ಯಾಲೊರಿ ಶಕ್ತಿಯಿದೆ. ಮನುಷ್ಯನ ದೇಹ ಅದರಲ್ಲಿ ಕಾಲು ಭಾಗವನ್ನು ಮಾತ್ರ ಪೆಡಲಿಗೆ ಕೊಡುತ್ತದೆ, ಉಳಿದದ್ದು ಬೆವರಾಗಿ, ಕಾವಾಗಿ ಹೋಗುತ್ತದೆ. ಸವಾರ, ಸೈಕಲ್ ಎರಡೂ ಸೇರಿ 80 ಕಿಲೋ ಎಂದರೆ, ಆ ಕಾಲು ಭಾಗ ಅವರನ್ನು ನೇರ ಮೇಲಕ್ಕೆ 440 ಮೀಟರ್ ಎತ್ತಬಲ್ಲದು. ಖಾರ್ದುಂಗ್ ಲಾದ ಎತ್ತರಕ್ಕೇ ನಾಲ್ಕು ಮುದ್ದೆ ಮುಗಿಯುತ್ತವೆ, ಗಾಳಿಯನ್ನು ಸೀಳುವ, ಜಲ್ಲಿಯನ್ನು ತುಳಿಯುವ ಖರ್ಚು ಬೇರೆ. ನಾಲೆ ಏರಿಯ ಮೇಲೆ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೊರಟವನಿಗೆ ಅದೇ ಒಂದು ಮುದ್ದೆ 21 ಕಿಲೋಮೀಟರ್ ಬರುತ್ತದೆ. ಚಕ್ರ ಸುಮಾರು 9,500 ಸುತ್ತು ಹೊರಳಿರುತ್ತದೆ, ನೆಲ ಒಟ್ಟು ತಗ್ಗಿರುವುದು ಬರೀ ನಾಲ್ಕು ಮೀಟರ್ ಚಿಲ್ಲರೆ. ಪಕ್ಕದಲ್ಲಿ ಗಂಟೆಗೆ ಮೂರು ಕಿಲೋಮೀಟರಿನಂತೆ ಹರಿಯುವ ನೀರಿಗೆ ಇಷ್ಟೇ ದೂರಕ್ಕೆ ಏಳು ಗಂಟೆ ಬೇಕು.

ಆ ನೀರು ಎಷ್ಟು ಅನ್ನುವುದನ್ನೂ ಹೇಳಿಬಿಡುತ್ತೇನೆ. 1974ರಲ್ಲಿ ಕಟ್ಟಿ ಮುಗಿಸಿದ ಕಬಿನಿ ಅಣೆಕಟ್ಟೆಯ ಸಾಮರ್ಥ್ಯ 19.52 ಟಿಎಂಸಿ. ಪತ್ರಿಕೆಗಳಲ್ಲಿ ದಿನಾ ಓದಿ ಓದಿ ಟಿಎಂಸಿ ಅನ್ನುವುದು ನಮಗೆ ತಾಲ್ಲೂಕು, ಹೋಬಳಿ ಅಂದಷ್ಟೇ ಸಲೀಸು. ಲೀಟರಿಗೆ ತಂದರೆ 55,000 ಕೋಟಿ ದಾಟುತ್ತದೆ. ಭೂಮಿಯ ಮೇಲಿರುವ 800 ಕೋಟಿ ಜನರನ್ನೂ ಸಾಲಾಗಿ ನಿಲ್ಲಿಸಿ ಹಂಚಿದರೆ ತಲೆಗೆ 69 ಲೀಟರ್. ಕೆಆರ್‌ಎಸ್‌ಗೆ ಹೋಲಿಸಿದರೆ ಇದು ಸಣ್ಣ ಜಲಾಶಯ. ಅದರ ಸಾಮರ್ಥ್ಯ 49.45 ಟಿಎಂಸಿ.

ಜಲ್ಲಿ ದಾರಿಯ ಸೈಕಲ್ಲಿಗೆ ಈಗ ‘ಗ್ರಾವೆಲ್ ಬೈಕ್’ ಎಂಬ ಹೆಸರು ಬಂದಿದೆ, ಲಕ್ಷ ರೂಪಾಯಿ ದಾಟಿದ ಬೆಲೆಯೂ ಬಂದಿದೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಊರಿನಲ್ಲಿ 2006ರಲ್ಲಿ 34 ಸವಾರರೊಂದಿಗೆ ಆರಂಭವಾದ 200 ಮೈಲಿಯ ಸ್ಪರ್ಧೆಗೆ ಇಂದು ಸಾವಿರಾರು ಮಂದಿ ಮುಗಿಬೀಳುತ್ತಾರೆ. ಅದು ದನ ಮೇಯುವ ಹುಲ್ಲುಗಾವಲಿನ ನಾಡು. 2022ರಲ್ಲಿ ಇಟಲಿಯಲ್ಲಿ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಶಿಪ್ಪೂ ನಡೆಯಿತು. ಇಷ್ಟೆಲ್ಲಾ ಸಂಶೋಧನೆ ನಡೆದು, ಜಲ್ಲಿಗೆ ತಕ್ಕ ಟೈರಿನ ಅಗಲ ಎಷ್ಟು ಎಂದು ಬಹಳ ಮಂದಿ ಒಪ್ಪಿಕೊಂಡ ಅಳತೆ ಸುಮಾರು 40 ಮಿಲಿಮೀಟರ್.

ಸಂತೆಪೇಟೆಯ ಯಾವುದಾದರೂ ಸೈಕಲ್ ಶಾಪಿಗೆ ಹೋಗಿ, ಹಾಲಿನ ಕ್ಯಾನು ನೇತುಹಾಕುವ ಕರೀ ಸೈಕಲ್ಲಿಗೆ ಟೈರು ಕೇಳಿ. ‘ಇಪ್ಪತ್ತೆಂಟು ಒಂದೂವರೆ’ ಎಂದು ಗೂಟದಿಂದ ತೆಗೆದುಕೊಡುತ್ತಾರೆ. ಒಂದೂವರೆ ಇಂಚು ಅಂದರೆ 38 ಮಿಲಿಮೀಟರ್. ಇಂದಿನ ಅಂತರರಾಷ್ಟ್ರೀಯ ಅಳತೆಯಲ್ಲಿ ಅದೇ ಟೈರಿನ ಮೇಲೆ ಒತ್ತುವ ಅಂಕಿ 40. ಚಕ್ರದ ಸುತ್ತಳತೆಯಲ್ಲೂ ಗ್ರಾವೆಲ್ ಬೈಕಿಗೂ ಇದಕ್ಕೂ ವ್ಯತ್ಯಾಸ ನಾಲ್ಕು ಸೆಂಟಿಮೀಟರ್ ಮಾತ್ರ. ತೂಕದಲ್ಲಿ ಕರೀ ಸೈಕಲ್ಲು ಎರಡರಷ್ಟು, ಒಪ್ಪೋಣ. ಗೇರ್ ಇಲ್ಲ, ಅದನ್ನೂ ಒಪ್ಪೋಣ. ಆದರೆ 5,000ಕ್ಕೆ 1ರ ಇಳಿಜಾರಿನಲ್ಲಿ ಗೇರ್ ಬದಲಿಸಿ ಮಾಡುವುದೇನು?

ಇನ್ನು ವಾಹನಗಳ ಮಾತು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯೇ ಹೇಳುತ್ತದೆ. ಗಂಟೆಗೆ 19 ಜನ. ಮೇಲಿನ ಲೆಕ್ಕದ ಸವಾರ ಒಂದು ಮುದ್ದೆ ಕರಗಿಸುವ ಹೊತ್ತಿಗೆ ದೇಶದಲ್ಲಿ ಎಲ್ಲೆಲ್ಲೋ 20 ಮನೆಗಳಿಗೆ ಫೋನು ಹೋಗಿರುತ್ತದೆ. ಏರಿಯ ಮೇಲೆ ಎದುರಾಗುವುದು ಮೇವಿನ ಹೊರೆ, ಆಡಿನ ಮಂದೆ, ಆಗೊಮ್ಮೆ ಈಗೊಮ್ಮೆ ಕಬ್ಬಿನ ಟ್ರ್ಯಾಕ್ಟರ್, ಮತ್ತು ‘ಯಾವೂರಾಯ್ತು ಸಾಮಿ?’ ಎಂದು ನಿಲ್ಲಿಸಿ ಕೇಳುವ ಹಿರಿಯರು.

ಹಾಗೆಂದು ನಾಲೆ ಸಾಧುವಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಬಹಳ ಕಡೆ ತಡೆಗೋಡೆ ಇಲ್ಲ. ಕಾಂಕ್ರೀಟ್ ಹಾಸಿದ ಇಳಿಜಾರು ಪಾಚಿ ಕಟ್ಟಿದರೆ ಈಜು ಬಲ್ಲವನೂ ಹತ್ತಿ ಬರಲಾರ. ಬಟ್ಟೆ ಒಗೆಯಲು ಮೆಟ್ಟಿಲು ಮಾಡಿರುವ ಜಾಗ ಎಲ್ಲಿದೆ ಎಂದು ಕಣ್ಣಿಟ್ಟುಕೊಂಡು ಹೋಗುವುದು ಜಾಣತನ. ಜಾಲಿಮುಳ್ಳು ಚಿಲ್ಲರೆ ಶತ್ರು, ಪಂಕ್ಚರ್ ಸಾಮಾನು ಜೊತೆಗಿದ್ದರೆ ಸಾಕು. ಮಳೆಯಲ್ಲಿ ಎರೆಮಣ್ಣಿನ ತುಂಡು ಸಿಕ್ಕರೆ ಮಾತ್ರ ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಚಕ್ರವೇ ತಿರುಗದು. ಸೈಕಲ್ಲನ್ನು ಹೆಗಲಿಗೇರಿಸಿ ನಡೆಯಬೇಕು.

ಇಲ್ಲಿ ಬೆಟ್ಟ ಹತ್ತಿಸುವುದು ಗಾಳಿ. ಆಷಾಢದಲ್ಲಿ ಪಶ್ಚಿಮದಿಂದ ಬೀಸುವ ಗಾಳಿಯ ವೇಗ ಗಂಟೆಗೆ 15 ಕಿಲೋಮೀಟರ್ ಎಂದುಕೊಂಡರೂ, ಅದು ಬೆನ್ನಿಗಿದ್ದಾಗ 20ರ ವೇಗಕ್ಕೆ 54 ವ್ಯಾಟ್ ಶಕ್ತಿ ಸಾಕು. ತಿರುಗಿ ಅದಕ್ಕೆ ಎದೆ ಕೊಟ್ಟರೆ ಅದೇ ವೇಗಕ್ಕೆ 168 ವ್ಯಾಟ್ ಬೇಕು. ಮೂರು ಪಟ್ಟು! ಎದುರುಗಾಳಿಯಲ್ಲಿ 21 ಕಿಲೋಮೀಟರ್ ತುಳಿದರೆ, ಗಾಳಿಯಿಲ್ಲದ ದಿನಕ್ಕಿಂತ ಹೆಚ್ಚಾಗುವ ಶ್ರಮ 375 ಮೀಟರ್ ಎತ್ತರ ಏರಿದ್ದಕ್ಕೆ ಸಮ. ಚಾಮುಂಡಿ ಬೆಟ್ಟವನ್ನು ತಪ್ಪಲಿನಿಂದ ಒಮ್ಮೆ ಹತ್ತಿದ್ದಕ್ಕಿಂತಲೂ ಜಾಸ್ತಿ. ಮಟ್ಟಸವಾದ ದಾರಿಯಲ್ಲಿ ಇಷ್ಟು ಸುಸ್ತು ಹೇಗೆ ಎಂದು ಹೊಸಬರು ಸೈಕಲ್ಲನ್ನೇ ಬೈಯುತ್ತಾರೆ, ಪಾಪ.

ಆದ್ದರಿಂದ ಹೋಗುವವರಿಗೆ ಎರಡು ಮಾತು. ಏರಿ ನೀರಾವರಿ ಇಲಾಖೆಯದು. ಗೇಟು ಹಾಕಿದ್ದಲ್ಲಿ ನೀರಗಂಟಿಯನ್ನು ಕೇಳಿ ಮುಂದೆ ಹೋಗಿ, ನಾಲೆಯಲ್ಲಿ ನೀರಿದ್ದರೆ ಹೊಲದ ಅಂಚಿನಲ್ಲೇ ಸಾಗಿ. ಆಷಾಢದಲ್ಲಿ ಹೊರಟರೆ ಮೊದಲು ಪಶ್ಚಿಮಕ್ಕೆ ತುಳಿಯಿರಿ. ಕಾಲಿನಲ್ಲಿ ಕಸುವಿರುವಾಗಲೇ ಗಾಳಿಯ ಬೆಟ್ಟ ಹತ್ತಿಬಿಟ್ಟರೆ, ವಾಪಸ್ ಬರುವಾಗ ಅದೇ ಗಾಳಿ ನಿಮ್ಮನ್ನು ಮನೆಗೆ ತಳ್ಳುತ್ತದೆ.